ಕೊಚ್ಚಿಯಲ್ಲಿ ಸಿಕ್ಕ ಕಂಬಳಿ

ಕೊಟ್ಟೂರು
೧೮ ಡಿಸೆಂಬರ್ ೨೦೨೪

ಅಕ್ಕ ಜಂಬಕ್ಕನ ಪಾದಗಳಿಗೆ ತಮ್ಮ ಹುಲುಗೇಶನ ಶರಣು.

ಇಲ್ಲಿ ನಾನೂ ರಮಾಳೂ ಕ್ಷೇಮ. ಅವಳ ಮೊಣಕಾಲು ಮಾತ್ರ ಅವಳಷ್ಟೇ ಹಟಮಾರಿಯಾಗಿದೆ. ಹಡಗಲಿಯಲ್ಲಿ ನೀವೆಲ್ಲ ಮಲ್ಲಿಗೆಯ ವಾಸನೆಯಲ್ಲಿ ಸುಖವಾಗಿದ್ದೀರೆಂದು ನಂಬಿದ್ದೇನೆ.

ನಿನ್ನ ಪತ್ರ ದೀಪಾವಳಿಗೂ ಮೊದಲೇ ಕೈಸೇರಿತು. ಉತ್ತರಕ್ಕೆ ಎರಡು ತಿಂಗಳು ಹಿಡಿಯಿತು, ತಪ್ಪಾಯಿತು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಹೇಳಿದ್ದರಲ್ಲಿ ಅರ್ಧ ನಿನ್ನ ಕಿವಿಗೆ ಬೀಳುತ್ತದೆ, ಉಳಿದರ್ಧಕ್ಕೆ ನೀನು "ಹೂಂ, ಉಂಡೆ" ಎನ್ನುತ್ತೀ. ಅದಕ್ಕೇ ಕಾಗದ. ಇದನ್ನು ಓದಿ ಹೇಳುತ್ತಿರುವವಳು ನಿನ್ನ ಮೊಮ್ಮಗಳು ಶಾಂಭವಿಯೇ ತಾನೆ? ಶಾಂಭವಿ, ನಗು ಬರುವ ಕಡೆ ಸ್ವಲ್ಪ ನಿಲ್ಲಿಸಿ ಓದವ್ವ. ವಯಸ್ಸಾದವರಿಗೆ ನಗು ಹಿಂದಿನ ಬಸ್ಸಿಗೆ ಬರುತ್ತದೆ.

ನೀನು ಕೇಳಿದ್ದು ಒಂದೇ ಮಾತು. ಫೆಬ್ರವರಿಯಲ್ಲಿ ಶಾಂಭವಿಯ ಮದುವೆ. "ಮಂಜನ್ನ ಕರ್ಕೊಂಡು ಬಾರಪಾ. ತವರಿನವ್ರು ಇಲ್ಲದ ಹಂದರದಾಗ ನಾ ಹೆಂಗ ನಿಂದರಲಿ?" ಎಂದು ಬರೆಸಿದ್ದೆ. ಮೂವತ್ತೆಂಟು ವರ್ಷದಿಂದ ನಿನ್ನ ಬೆನ್ನಿಗೆ ಹುಟ್ಟಿದ ನಮ್ಮ ಮಂಜಣ್ಣ ನಿನ್ನ ಹೊಸ್ತಿಲು ತುಳಿದಿಲ್ಲ, ಒಂದು ನಾಗರ ಪಂಚಮಿಗೂ ನಿನ್ನನ್ನು ತವರಿಗೆ ಕರೆದಿಲ್ಲ. ಮನೆಯ ಕರಿ ಕಂಬಳಿಯನ್ನು ನೀನು ಗಂಟಿನಲ್ಲಿ ಕಟ್ಟಿಕೊಂಡು ಹೋದೆ ಎಂಬುದು ಅವನ ಸಿಟ್ಟು. ಅವನ ಹತ್ತಿರ ಹೋಗಿ ಮಾತಾಡುತ್ತೇನೆ ಎಂದು ದಿನಾ ಅಂದುಕೊಂಡೆ. ಅವನ ಮನೆ ಇರುವುದು ಕೂಡ್ಲಿಗಿಯ ಮಗ್ಗುಲಲ್ಲಿ, ಬಸ್ಸಿನಲ್ಲಿ ಒಂದು ನಿದ್ದೆಯಷ್ಟು ದೂರ. ಅಲ್ಲಿಗೆ ಹೋಗದೆ ಕೊಚ್ಚಿಗೆ ಹೋದೆ.

ಜಂಬಕ್ಕನ ತಮ್ಮ ಕೊಚ್ಚಿಗೆ ಹೋಗಿ ಬಂದ ಮೇಲೆ ಇನ್ನೇನು ಮಾಡಿಯಾನು? ಜಂಬ ಕೊಚ್ಚಿಕೊಳ್ಳಬೇಕು. ಆದರೆ ಆ ವಿದ್ಯೆಯಲ್ಲಿ ಆ ಊರು ನನಗಿಂತ ಐನೂರು ವರ್ಷ ಹಿರಿಯದು.

ಕರೆದುಕೊಂಡು ಹೋದವನು ಹರಪನಹಳ್ಳಿಯ ಕ್ರಾಂತಿಕುಮಾರ್, ಇತಿಹಾಸದ ಮೇಷ್ಟ್ರು. ರಜೆಯಲ್ಲಿ ಬಸ್ಸು ಮಾಡಿ ನನ್ನಂಥ ನಿವೃತ್ತರನ್ನು ಊರೂರು ತಿರುಗಿಸುತ್ತಾನೆ. ಹೆಸರಿಗೆ ಕ್ರಾಂತಿ, ಮಾಡುವುದು ಸಂಕ್ರಾಂತಿ: ಎಳ್ಳುಬೆಲ್ಲದಂತೆ ಎಲ್ಲರ ಕೈಗೂ ಒಂದೊಂದು ಚಿಟಿಕೆ ಇತಿಹಾಸ ಹಾಕುತ್ತಾನೆ. "ಸರ, ನೀವು ಬರಾಕ ಬೇಕ್ರಿ. ಬಸ್ಸಿನಾಗ ಮಂದಿ ನಗಸಾಕ ಒಬ್ರು ಬೇಕು" ಎಂದ. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನಿಗೆ ಈಗ ಉಳಿದಿರುವ ಹುದ್ದೆ ಇದು. ಟೇಪ್ ರೆಕಾರ್ಡರ್ ಕೆಟ್ಟಾಗ ನಾನು.

ಬಂದರು ನೋಡಲು ನಲವತ್ತು ಮಂದಿ ಬಂದರು. ದಾರಿಯಲ್ಲಿ ಎಲ್ಲರೂ ಬೆಂದರು. ಸಮುದ್ರ ಕಂಡ ಕೂಡಲೇ ಕ್ರಾಂತಿಕುಮಾರ್ ಮೈಕು ಹಿಡಿದು, "ಎಲ್ಲಾರೂ ಈ ಕಡಿ ನೋಡ್ರಿ! ಇದು ಅರಬ್ಬೀ ಸಮುದ್ರ ಐತಿ!" ಎಂದು ಕೂಗಿದ. ಆಕಾಶದ ಅಂಚಿನವರೆಗೆ ಬಿದ್ದುಕೊಂಡಿರುವ ಸಮುದ್ರವನ್ನು ಇವನು ತೋರಿಸದಿದ್ದರೆ ನಾವು ಅದನ್ನು ಹಗರಿಬೊಮ್ಮನಹಳ್ಳಿಯ ಕಡೆಯ ಹಿನ್ನೀರು ಎಂದು ತಿಳಿದು ಬಟ್ಟೆ ಒಗೆಯಲು ಕೂಡುತ್ತಿದ್ದೆವೇನೋ. ರಮಾ ಎರಡು ನಿಮಿಷ ನೋಡಿ ತೀರ್ಪು ಕೊಟ್ಟಳು: "ಇಷ್ಟೊಂದು ನೀರೈತಿ, ಒಂದು ತಂಬಿಗಿ ಕುಡಿಯಾಕ ಬರಂಗಿಲ್ಲ. ಇದಕ್ಕಿಂತ ನಮ್ಮ ಓಣಿ ಬೋರ್‌ವೆಲ್ಲೇ ವಾಸಿ." ಆಮೇಲೆ ಕಡಲು ನೋಡಲು ಬಂದವರೆಲ್ಲ ಕಡಲಿಗೆ ಬೆನ್ನು ಹಾಕಿ ಕೂತು ಕಡಲೆ ತಿಂದರು. ಕೊಟ್ಟೂರಿನಿಂದ ಕಟ್ಟಿಕೊಂಡು ಹೋಗಿದ್ದ ಮಂಡಕ್ಕಿ ಆ ಉಪ್ಪು ಗಾಳಿಗೆ ಹತ್ತೇ ನಿಮಿಷದಲ್ಲಿ ಮೆತ್ತಗಾಯಿತು. ಮಂಡಕ್ಕಿಗೆ ಮರ್ಯಾದೆ ಕೊಡದ ಊರು ಎಂದು ನಾನು ಅಲ್ಲೇ ಬರೆದಿಟ್ಟುಕೊಂಡೆ.

ಹಡಗಲಿಯವರಾದ ನೀವು ಹೆಸರಿನಲ್ಲೇ ಹಡಗು ಕಟ್ಟಿಕೊಂಡವರು. ಹಿಂದೆ ನಿಮ್ಮೂರಿಂದ ಹೊಳೆಯಲ್ಲಿ ಹೂವಿನ ಹಡಗು ಹಂಪಿಗೆ ಹೋಗುತ್ತಿತ್ತು ಎನ್ನುತ್ತೀರಿ. ಹೂವು ಹೊತ್ತ ಹಡಗಿಗೆ ಒಂದು ಗತ್ತಿದೆ. ಕೊಚ್ಚಿಯಲ್ಲಿ ನಾನು ಕಂಡ ಹಡಗಿನ ಮೇಲೆ ಇದ್ದದ್ದು ಮನೆಯಷ್ಟು ದೊಡ್ಡ ತಗಡಿನ ಪೆಟ್ಟಿಗೆಗಳು, ಸಂತೆಯಲ್ಲಿ ಎಣ್ಣೆ ಡಬ್ಬ ಪೇರಿಸಿದ ಹಾಗೆ. ದಂಡೆಯಲ್ಲಿ ಚೀನಾದವರ ಬಲೆ ಎಂದು ಏನನ್ನೋ ತೋರಿಸಿದರು. ಉದ್ದ ತೊಲೆ, ಒಂದು ತುದಿಗೆ ಬಲೆ, ಇನ್ನೊಂದು ತುದಿಗೆ ಕಲ್ಲು. ಅಪ್ಪನ ಕಾಲದ ನಮ್ಮ ಬಾವಿಯ ಏತವೇ ಅಕ್ಕ! ನೀರೆತ್ತುವ ಕಡೆ ಮೀನೆತ್ತುತ್ತಾರೆ, ಅಷ್ಟೆ. ಆರು ಜನ ಹಗ್ಗ ಜಗ್ಗಿ ಎತ್ತಿದರೆ ಬಂದ ಮೀನು ಒಂದು ಬೆಕ್ಕಿಗೆ ಸಾಲದು. ಅದಕ್ಕೆ ಇನ್ನೂರು ಜನ ಫೋಟೋ ತೆಗೆದರು. ಬೆಕ್ಕು ಅವರನ್ನೂ ಮೀನನ್ನೂ ನೋಡಿ ಎದ್ದು ಹೋಯಿತು.

ಆಮೇಲೆ ವಾಸ್ಕೋ ಡ ಗಾಮನ ಗೋರಿ. ಹಳೆಯ ಇಗರ್ಜಿಯೊಳಗೆ ಕಂಬಿ ಹಾಕಿದ ಒಂದು ಚಪ್ಪಡಿ. ಎಲ್ಲರೂ ತಲೆಬಾಗಿ ನಿಂತಾಗ ಕ್ರಾಂತಿಕುಮಾರ್ ಮೆಲ್ಲಗೆ, "ಈಗ ಆತ ಇಲ್ಲಿ ಇಲ್ರಿ, ಎಲುಬು ತಕ್ಕೊಂಡು ಪೋರ್ಚುಗಲ್ಲಿಗೆ ಒಯ್ದಾರ" ಎಂದ. ಆಸಾಮಿ ಊರು ಬಿಟ್ಟು ಐನೂರು ವರ್ಷವಾಗುತ್ತ ಬಂತು, ಇವರು ಇನ್ನೂ ಹಾಸಿಗೆ ತೋರಿಸುತ್ತಿದ್ದಾರೆ. ಇರುವ ವಸ್ತು ತೋರಿಸುವುದರಲ್ಲಿ ಏನು ಹೆಚ್ಚುಗಾರಿಕೆ? ಇಲ್ಲದ್ದನ್ನು ತೋರಿಸುವುದೇ ಇತಿಹಾಸ.

ಇಷ್ಟರವರೆಗೆ ನಾನು ಖುಷಿಯಾಗಿದ್ದೆ. ಊರಿಗೆ ಬಂದು ಹೇಳಲು ತಿರಸ್ಕಾರದ ಸರಕು ಚೀಲದ ತುಂಬ ಆಗಿತ್ತು.

ಮಧ್ಯಾಹ್ನ ಮಟ್ಟಾಂಚೇರಿ ಎಂಬ ಹಳೆಯ ಪೇಟೆಗೆ ಹೋದೆವು. ಹಿಂದೆ ಮೆಣಸು ತುಂಬುತ್ತಿದ್ದ ಉಗ್ರಾಣದಲ್ಲಿ ಈಗ ಹಳೇ ಸಾಮಾನಿನ ಅಂಗಡಿ. ನಮ್ಮ ಕಡೆಯ ಮನೆಗಳಿಂದ ಕಿತ್ತ ಬಾಗಿಲು, ಕಂಬ, ತೊಟ್ಟಿಲು, ಹಂಡೆ, ಎಲ್ಲಕ್ಕೂ ಸಮುದ್ರದ ನೀರು ಚಿಮುಕಿಸಿ ಇಟ್ಟಿದ್ದಾರೆ. ಅಡುಗೆಮನೆಯ ಬಾಗಿಲು ಹಡಗಿನ ಬಾಗಿಲಾಗಿದೆ. ಒಂದು ಬೀಸುವ ಕಲ್ಲಿಗೆ ಲಂಗರು ಎಂದು ಚೀಟಿ ಅಂಟಿಸಿದ್ದರು. ರಮಾ ಅದನ್ನು ನೋಡಿ, "ಈ ಲಂಗರಿನಾಗ ನಮ್ಮವ್ವ ಜ್ವಾಳ ಬೀಸ್ತಿದ್ಲು" ಎಂದಳು. ನಾನು ಜೋರಾಗಿ ನಕ್ಕೆ. ಆ ಪ್ರವಾಸದಲ್ಲಿ ನಾನು ನಕ್ಕದ್ದು ಅದೇ ಕೊನೆ.

ಅಂಗಡಿಯ ಕೊನೆಯಲ್ಲಿ ಒಂದು ಮರದ ಕಟ್ಟೆ. ಅದರ ಹಿಂದೆ ಹಡಗಿನ ಚುಕ್ಕಾಣಿಯ ಗಾಲಿ. ಕಟ್ಟೆಯ ಮೇಲೆ ಕರಿ ಕಂಬಳಿ ಹಾಸಿದ್ದರು. ಪ್ರವಾಸಿಗಳು ಬೂಟುಗಾಲಿನಲ್ಲೇ ಅದನ್ನು ಹತ್ತಿ ಕೂತು, ಕಪ್ತಾನರ ಹಾಗೆ ಎದೆ ಉಬ್ಬಿಸಿ ಫೋಟೋ ತೆಗೆಸಿಕೊಳ್ಳುತ್ತಿದ್ದರು.

"ಚಪ್ಪಲಿ ಬಿಡ್ರಲೇ!"

ಅದು ನನ್ನ ದನಿಯಲ್ಲ ಅಕ್ಕ, ಅಪ್ಪನ ದನಿ. ನನಗೇ ಗೊತ್ತಿಲ್ಲದೆ ನನ್ನ ಬಾಯಿಂದ ಬಂತು. ಕನ್ನಡ ಬಾರದ ಆ ಮಂದಿ ಕೂಡ ಬೂಟು ಬಿಚ್ಚಿದರು.

ಅಂಗಡಿಯವನು ಓಡಿ ಬಂದ. ಸಿಟ್ಟಾಗಲಿಲ್ಲ, ಗಿರಾಕಿಯ ವಾಸನೆ ಹಿಡಿದ. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕ್ರಾಂತಿಕುಮಾರ್ ಮೈಕಿನಲ್ಲಿ ಕನ್ನಡಕ್ಕಿಳಿಸಿದ: "ನೋಡ್ರಿ, ಇದು ಇನ್ನೂರು ವರ್ಷದ್ದಂತ. ಅರಬ್ ಕಪ್ತಾನ ಒಬ್ಬಾತ ಹಡಗಿನ ಮ್ಯಾಲ ಹೊದ್ಕೊಂತಿದ್ದನಂತ. ಮೂಲ್ಯಾಗ ಕೆಂಪು ದಾರದ ಗುರುತು ಐತಲ್ರಿ? ಅದು ದಿಕ್ಸೂಚಿ ಅಂತ! ಬಿರುಗಾಳ್ಯಾಗ ದಾರಿ ತಪ್ಪಬಾರದಂತ ಹೊಲಿಸಿದ್ದು!"

ಬಗ್ಗಿ ನೋಡಿದೆ. ಎರಡು ಪಟ್ಟಿ ಸೇರಿಸಿದ ನಡುವಿನ ಹೊಲಿಗೆ ಅಪ್ಪನದು. ಮೂಲೆಯಲ್ಲಿ ಒಲೆಯ ಕಿಡಿ ಸಿಡಿದು ಆದ ತೂತು. ಆ ತೂತಿಗೆ ಒಂಬತ್ತು ವರ್ಷದ ಹುಡುಗಿಯೊಬ್ಬಳು ಕೆಂಪು ದಾರದಲ್ಲಿ ಹಾಕಿದ ಸೊಟ್ಟ ಹೊಲಿಗೆ, ಕೋಳಿಯ ಕಾಲಿನಂತೆ ನಾಲ್ಕೂ ಕಡೆ ಕವಲೊಡೆದದ್ದು. "ಜಂಬಿ ಕಂಬಳಿ ಹೊಲದಾಳೋ, ಕೋಳಿ ಕೆದರೈತೋ" ಎಂದು ಅಪ್ಪ ಊರೆಲ್ಲ ಹೇಳಿಕೊಂಡು ನಗುತ್ತಿದ್ದನಲ್ಲ, ಅದೇ. ಅಕ್ಕ, ನಿನ್ನ ಹೊಲಿಗೆ ನೋಡಿಕೊಂಡು ಅರಬರು ಸಮುದ್ರ ದಾಟಿದ್ದಾರೆ. ಅವರು ಅರಬ್‌ಸ್ತಾನ ಬಿಟ್ಟು ಕೊಚ್ಚಿಗೆ ಬಂದು ಮುಟ್ಟಿದ್ದು ಯಾಕೆಂದು ಈಗ ಗೊತ್ತಾಯಿತು.

"ಕೂಡ್ರಿ ಸರ, ಒಂದು ಫೋಟೋ!" ಎಂದ ಕ್ರಾಂತಿಕುಮಾರ್. ಅಂಗಡಿಯವನೂ ಕೈಹಿಡಿದು ಎಳೆದ. ನಾನು ಕೂಡಲಿಲ್ಲ. ಮೊಣಕಾಲು ನೋವು ಎಂದೆ. ರಮಾ ನನ್ನ ಮುಖ ನೋಡಿ, "ಮೊಣಕಾಲು ನೋವು ನಂದ್ರೀ, ನಿಮ್ದಲ್ಲ" ಎಂದಳು.

ಆ ಕಂಬಳಿಯ ಮೇಲೆ ಕೂಡುವುದೆಂದರೇನು ಎಂದು ಶಾಂಭವಿಗೆ ಗೊತ್ತಿರಲಿಕ್ಕಿಲ್ಲ, ಅವಳಿಗಾಗಿ ಬರೆಯುತ್ತೇನೆ. ನಮ್ಮ ಮನೆತನದಲ್ಲಿ ಕಂಬಳಿ ಹೊದೆಯಲು ಅಲ್ಲ. ಅದನ್ನು ಸುತ್ತಿ ಅಟ್ಟದ ಮೇಲೆ ಇಡುತ್ತಿದ್ದರು. ಮದುವೆಗೆ, ತೊಟ್ಟಿಲಿಗೆ, ಇಲ್ಲವೇ ಜಗಳ ಹರಿಯುವುದಕ್ಕೆ ಇಳಿಸುತ್ತಿದ್ದರು. ಪಡಸಾಲೆಯಲ್ಲಿ ಹಾಸಿ, ಮೈಲಾರಲಿಂಗನ ಭಂಡಾರದ ಅರಿಶಿನ ಚೆಲ್ಲಿ, ತಕರಾರಿನವರನ್ನು ಒಬ್ಬೊಬ್ಬರಾಗಿ ಕೂಡಿಸುವುದು. ಅದರ ಮೇಲೆ ಕೂತು ಸುಳ್ಳಾಡುವ ಹಾಗಿಲ್ಲ. ಆಡಿದವರನ್ನು ನಾನಂತೂ ಕಂಡಿಲ್ಲ.

ಶಾಂಭವಿ, ೧೯೮೬ರ ಪಂಚಮಿ ಮುಗಿಸಿ ನಿನ್ನಜ್ಜಿ ಗಂಡನ ಮನೆಗೆ ಹೋದಳು. ತಿಂಗಳು ಕಳೆದು ಮಂಜಣ್ಣನ ಮೊದಲ ಮಗುವಿನ ತೊಟ್ಟಿಲಿಗೆಂದು ಅಟ್ಟ ಹತ್ತಿದರೆ ಕಂಬಳಿ ಇಲ್ಲ. ಅವನ ಹೆಂಡತಿ ಅನ್ನದಾನಮ್ಮ, "ಅಕ್ಕಾರು ಹೋಗುವಾಗ ಅವ್ರ ಗಂಟು ದಪ್ಪ ಇತ್ತು" ಎಂದಳು. ಅಜ್ಜಿಯನ್ನು ಕರೆಸಿದರು. ಪ್ರಮಾಣ ಮಾಡಿಸಬೇಕು, ಆದರೆ ಯಾವುದರ ಮೇಲೆ? ಕಳುವಾಗಿದ್ದದ್ದೇ ಕಂಬಳಿ! ಪಕ್ಕದ ಮನೆಯದನ್ನು ಕೈಗಡ ತಂದು ಹಾಸಿದರು. ನಿನ್ನಜ್ಜಿ ಕೂತು, ಭಂಡಾರ ಹಣೆಗೆ ಹಚ್ಚಿಕೊಂಡು, "ನಾ ಒಯ್ದಿಲ್ಲ" ಎಂದಳು. ಅನ್ನದಾನಮ್ಮ ಅದಕ್ಕೂ ದಾರಿ ಹುಡುಕಿದಳು: "ಇದು ಮಂದಿ ಕಂಬಳಿ. ಇದರ ಮ್ಯಾಲಿನ ಆಣಿ ನಮ್ಮನಿಗೆ ನಡಿಯಂಗಿಲ್ಲ." ಅವತ್ತು ಎಲ್ಲರೂ ಕೂತರು, ಮಂಜಣ್ಣನೂ ಕೂತ. ನಾನೊಬ್ಬ ಕೂಡಲಿಲ್ಲ. ಧಾರವಾಡದಲ್ಲಿ ಎಂ.ಎ. ಓದುತ್ತಿದ್ದವನು, ಮೈಮೇಲೆ ಹೊಸ ಕೋಟು, ಕಂಬಕ್ಕೊರಗಿ ನಿಂತು, "ಕುರಿ ತುಪ್ಪಟಕ್ಕ ಸತ್ಯ ಗೊತ್ತಿದ್ರ ಕೋರ್ಟಿನಾಗ ಜಡ್ಜ್ ಕುರ್ಚಿ ಮ್ಯಾಲ ಕುರೀನ ಕೂಡಿಸ್ತಿದ್ರು" ಎಂದೆ. ಅಳುತ್ತಿದ್ದವರೂ ನಕ್ಕರು. ಓದಿದ ಹುಡುಗ, ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂದು ಬಿಟ್ಟುಬಿಟ್ಟರು.

ಇರಲಿ. ಅಂಗಡಿಯವನನ್ನು ಪಕ್ಕಕ್ಕೆ ಕರೆದು, ಇದು ಎಲ್ಲಿಂದ ಬಂತು ನಿಜ ಹೇಳಪ್ಪ ಎಂದೆ. ಮೂರು ಸಲ ಅರಬ್ಬೀ ಸಮುದ್ರ ದಾಟಿ, ನಾಲ್ಕನೆಯ ಸಲ ಹುಬ್ಬಳ್ಳಿಗೆ ಬಂದು ನಿಂತ. ಅಲ್ಲಿಯ ಹಳೇ ಸಾಮಾನಿನ ವ್ಯಾಪಾರಿಯೊಬ್ಬ ಅಂಗಡಿ ಮುಚ್ಚಿದಾಗ ರಾಶಿಯಲ್ಲಿ ಕೊಂಡದ್ದಂತೆ. ಕೊಂಡುಕೊಂಡೆ. ಎಷ್ಟಕ್ಕೆ ಎಂದು ಕೇಳಬೇಡ. "ಕಪ್ತಾನನ ಕಂಬಳಿ" ಎಂದು ರಸೀದಿ ಕೊಟ್ಟ. ಸುಳ್ಳಿಗೂ ರಸೀದಿ ಸಿಗುವ ಊರು ಅದೊಂದೇ ಇರಬೇಕು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಹಿಂತಿರುಗುವ ದಾರಿಯುದ್ದಕ್ಕೂ ಕ್ರಾಂತಿಕುಮಾರ್, "ಒಂದು ಜೋಕ್ ಹೇಳ್ರಿ ಸರ" ಎನ್ನುತ್ತಿದ್ದ. ಗಂಟಲು ಕಟ್ಟಿದೆ ಎಂದೆ.

ಮನೆಗೆ ಬಂದವನೇ ಮಂಜಣ್ಣನಿಗೆ ಫೋನ್ ಮಾಡಿದೆ. ಕಂಬಳಿ ಸಿಕ್ಕರೆ ಜಗಳವೂ ಮುಗಿಯಿತು, ಅವನು ಮದುವೆಗೆ ಬಂದಾನು, ಉಳಿದದ್ದನ್ನು ಯಾರೂ ಕೇಳಲಾರರು ಎಂಬ ಲೆಕ್ಕ ನನ್ನದು.

"ಎಲ್ಲಿ ಸಿಕ್ತು?" ಎಂದ.

"ಕೊಚ್ಚ್ಯಾಗ. ಅಂಗಡ್ಯಾಗ ಇತ್ತು."

ಅದನ್ನೇ ಅನ್ನದಾನಮ್ಮನಿಗೆ ಕೂಗಿ ಹೇಳಿದ. ಆಮೇಲೆ, "ನೋಡು ಮತ್ತ! ಇಷ್ಟು ದಿನ ನಾ, ಆಕಿ ಪೆಟ್ಟಿಗ್ಯಾಗ ಇಟ್ಕೊಂಡಾಳ, ಅಪ್ಪನ ನೆಪ್ಪಿಗೆ ಇಟ್ಕೊಂಡ್ರ ಇಟ್ಕೊಳ್ಳಲಿ ಅಂತಿದ್ದೆ. ಮಾರ್ಯಾಳ ಅಂದ್ರ! ಅಪ್ಪನ ಕೈ ನೂಲು ಮಾರ್ಯಾಳ! ಇನ್ನ ನಾ ಆ ಮದುವಿಗೆ ಬಂದ್ರ ಕೇಳು" ಎಂದ. ಹಿಂದಿನಿಂದ ಅನ್ನದಾನಮ್ಮನ ದನಿ: "ನಾ ಅವತ್ತ ಹೇಳಿದ್ದೆ, ಗಂಟು ಇಷ್ಟು ದಪ್ಪ ಇತ್ತು!" ಫೋನಿನಲ್ಲಿ ಕೈ ಕಾಣುವುದಿಲ್ಲ, ಆದರೂ ಹೇಳುತ್ತೇನೆ: ಆ ಗಂಟು ವರ್ಷಕ್ಕೊಂದು ಗೇಣು ಬೆಳೆದು ಈಗ ಅವಳ ಎರಡು ತೋಳಿಗೂ ಸಾಲುವುದಿಲ್ಲ.

ಹೀಗೆ ನಾನು ನಿನ್ನ ಕೆಲಸ ಮಾಡಿದೆ ಅಕ್ಕ. ಕಳ್ಳಿ ಎನಿಸಿಕೊಂಡಿದ್ದ ನಿನ್ನನ್ನು ಕದ್ದು ಮಾರಿದವಳನ್ನಾಗಿ ಮಾಡಿ ಕೂತಿದ್ದೇನೆ. ಇಂಥ ತಮ್ಮಂದಿರು ಇಬ್ಬರಿದ್ದರೆ ನಿನಗೆ ಬೇರೆ ಶತ್ರುಗಳು ಯಾಕೆ?

ಶಾಂಭವಿಗೂ ಅವಳ ಕೈಹಿಡಿಯುವವನಿಗೂ ನನ್ನ ಮನಸಾರೆ ಹರಕೆ. ಅವರ ಮನೆ ಮಕ್ಕಳಿಂದ, ಮಾತಿನಿಂದ, ಮಲ್ಲಿಗೆಯಿಂದ ತುಂಬಿರಲಿ. ಮನೆಯವರಿಗೂ ಕೊಟ್ಟಿಗೆಯ ಕುರಿಗಳಿಗೂ ನನ್ನ ನೆನಪು ಹೇಳು. ಮಾತ್ರೆ ತಪ್ಪಿಸಬೇಡ. ನಿನ್ನ ಸಿಟ್ಟಿಗೂ ಆಶೀರ್ವಾದಕ್ಕೂ ಸಮನಾಗಿ ತಲೆಯೊಡ್ಡಿರುವ,

ನಿನ್ನ ತಮ್ಮ
ಹುಲುಗೇಶ

ತಾ.ಕ.: ಶಾಂಭವಿ, ಇಲ್ಲಿಂದ ಮುಂದೆ ನಿಲ್ಲಿಸದೆ ಓದು. ಅಜ್ಜಿ ಸಾಕು ಎಂದರೂ ನಿಲ್ಲಿಸಬೇಡ. ಪಡಸಾಲೆಯಲ್ಲಿ ಯಾರಿದ್ದರೂ ಕೇಳಲಿ. ಅವತ್ತು ಅವಳನ್ನು ಕೇಳಿದ್ದು ಹತ್ತು ಜನರ ಮುಂದೆ.

ಅಕ್ಕ, ಕಂಬಳಿ ಒಯ್ದವನು ನಾನು. ಪಂಚಮಿಗೆ ಹದಿನೈದು ದಿನ ಮೊದಲು ಊರಿಗೆ ಬಂದಿದ್ದಾಗ ಯಾರಿಗೂ ಹೇಳದೆ ಅಟ್ಟದಿಂದ ಇಳಿಸಿದೆ. ಹಾಸ್ಟೆಲಿನ ನಾಟಕದಲ್ಲಿ ನನ್ನದು ಕುರಿ ಕಾಯುವವನ ವೇಷ. ರಂಗದ ಮೇಲೆ ಜನ ನಕ್ಕರು, ಖುಷಿಯಾಯಿತು. ಇಳಿದ ಮೇಲೂ ನಗುತ್ತಿದ್ದರು. ರೂಮಿನವರು ಮೂಗು ಮುಚ್ಚಿಕೊಂಡು, "ವೇಷ ಅಲ್ಲಲೇ ಇದು, ಇವನ ಮನಿ ಅರಿವಿ" ಎಂದರು. ಹುಲುಗೇಶ ಹೋಗಿ ಕುರಿಗೇಶ ಆದೆ. ನನ್ನ ಹೆಸರನ್ನು ಇನ್ನೊಬ್ಬರು ಮುರಿಯುವ ಮೊದಲು ಅವರದನ್ನು ನಾನು ಮುರಿಯುವುದನ್ನು ಕಲಿತದ್ದು ಆಗಲೇ. ಆ ವಾರ ಹಾಸ್ಟೆಲಿನ ಓಣಿಗೆ ಹಳೇ ಸಾಮಾನಿನವನು ಬಂದ. ಕಂಬಳಿ ಕೊಟ್ಟು ಒಂದು ಕೋಟು ತೆಗೆದುಕೊಂಡೆ.

ಅದೇ ಕೋಟು. ಪಂಚಾಯಿತಿ ಮುಗಿದ ಮೇಲೆ ನೀನು ಕಣ್ಣೊರೆಸಿಕೊಂಡು ಬಂದು, ಅದರ ತೋಳು ಮುಟ್ಟಿ, "ಸಾಹೇಬನಂಗ ಕಾಣ್ತಿಯೋ ಹುಲುಗಾ. ನೀನಾರ ನನ್ನ ನಂಬ್ತಿಯಲ್ಲ?" ಎಂದೆ. ನಂಬ್ತೀನಿ ಎಂದೆ. ಆ ದಿನ ಆ ಮನೆಯಲ್ಲಿ ನಿನ್ನನ್ನು ನಂಬಿದವನು ನಾನೊಬ್ಬನೇ. ಯಾಕೆ ಎಂದು ಈಗ ನಿನಗೆ ಗೊತ್ತಾಯಿತು.

ಇನ್ನೂ ಒಂದಿದೆ. ಅವ್ವ ಹಾಸಿಗೆ ಹಿಡಿದಾಗ, "ಜಂಬಿ ಒಯ್ದಿದ್ರ ಒಯ್ಯಲಿ ಬಿಡ್ರೋ, ಆಕಿ ಹೊಲಿಗಿ ಅದರಾಗ ಐತಿ. ನಾ ಏನೂ ಅನ್ಕೊಂಡಿಲ್ಲ ಅಂತ ಹೇಳ್ರಿ" ಎಂದಳು. ಮಾಡದ ತಪ್ಪಿಗೆ ನಿನ್ನನ್ನು ಕ್ಷಮಿಸಿ ಹೋದಳು. ಕಾಲ ಬಳಿ ಕೂತು ಕೇಳಿಸಿಕೊಂಡವನು ನಾನು. ನೀನು ಮಣ್ಣಿಗೆ ಬಂದು ಬಾಗಿಲ ಹೊರಗೇ ನಿಂತಿದ್ದೆ. ಆಗಲೂ ಹೇಳಲಿಲ್ಲ.

ಭಾನುವಾರ ಮಂಜಣ್ಣನ ಪಡಸಾಲೆಯಲ್ಲಿ ಇದನ್ನು ಹಾಸಿ, ಅನ್ನದಾನಮ್ಮನ ಎದುರಿಗೂ ಇದೇ ಮಾತು ಹೇಳುತ್ತೇನೆ. ಇದು ಮಂದಿ ಕಂಬಳಿ ಎನ್ನಲು ಈ ಸಲ ಅವಳಿಗೂ ಬರುವುದಿಲ್ಲ. ಆಮೇಲೆ ಅವನು ನಿನ್ನ ಹಂದರಕ್ಕೆ ಬರುತ್ತಾನೆ. ನಾನು ಬರಬೇಕೋ ಬೇಡವೋ ನೀನು ಹೇಳು.

ಕೊಚ್ಚಿ, ಬಲೆ, ಬೆಕ್ಕು, ಗೋರಿ ಎಲ್ಲವನ್ನೂ ಮೇಜಿನ ಹತ್ತಿರ ಕುರ್ಚಿಯ ಮೇಲೆ ಕೂತು ಬರೆದೆ. ಸಹಿ ಮಾಡಿದ ಮೇಲೆ ಎದ್ದು, ಚಪ್ಪಲಿ ಬಿಟ್ಟು, ಅಪ್ಪನ ಕಂಬಳಿಯನ್ನು ಕೆಳಗೆ ಹಾಸಿದೆ. ಇಷ್ಟನ್ನು ಮಾತ್ರ ಕಂಬಳಿಯ ಮೇಲೆ ಕೂತು ಬರೆದಿದ್ದೇನೆ.